ರಾಣಿಯ ಗೋರಿ, ಅಮ್ಮನ ಕಲ್ಲು

ಮಾರ್ಚ್ ೧೧, ಮಂಗಳವಾರ.

ಕಲ್ಲು ಕೆತ್ತುವವನ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಇಡೀ ದಿನ, ನಾವು ದುರಸ್ತಿ ಮಾಡುತ್ತಿರುವ ರಾಣಿಯ ಗೋರಿಯಲ್ಲಿ ಕೂತು, ಏಳುನೂರು ವರ್ಷದ ಶಾಸನದ ಮೇಲಿನ ಸುಣ್ಣ ಕೆರೆದೆ. ಸುಲ್ತಾನನ ಮಗಳು, ಸುಲ್ತಾನನ ಹೆಂಡತಿ, ಸುಲ್ತಾನನ ತಾಯಿ ಎಂದಿದೆ; ಅವಳ ಹೆಸರು ಮಾತ್ರ ಎಲ್ಲೂ ಇಲ್ಲ. "ಪಕ್ಕದಲ್ಲಿ ಅಷ್ಟು ದೊಡ್ಡ ಮಸೀದಿ ಕಟ್ಟಿಸಿದ ಮಗನಿಗೆ ಹೆಸರು ಬರೆಸೋಕೆ ಏನು ದಾಡಿ?" ಎಂದು ಜೊತೆಗೆ ಕೆಲಸ ಮಾಡುವವಳ ಮುಂದೆ ರೇಗಾಡಿದೆ.

ಸಂಜೆ ಕಲ್ಲು ಕೆತ್ತುವವನ ಫೋನು ಬಂತು. ಅಮ್ಮನ ಗೋರಿಗೆಂದು ನಾನೇ ಬರೆದುಕೊಟ್ಟ ಸಾಲು ಓದಿದ. "ಮೇಷ್ಟ್ರ ಹೆಂಡತಿ, ಮೂರು ಮಕ್ಕಳ ತಾಯಿ ಅಂತಿದೆ. ಅಕ್ಕಾ, ಅವರ ಹೆಸರೇ ಬಿಟ್ಟಿದ್ದೀರಲ್ಲ?"

ಅಮ್ಮನ ಹೆಸರು ಹೇಳಿದೆ. ಕೇಳಿಸಲಿಲ್ಲ ಅಂದ, ಮತ್ತೆ ಹೇಳಿದೆ. ನನ್ನ ಬಾಯಲ್ಲಿ ಅದು ಗುರುತಿಲ್ಲದ ಯಾರದೋ ಹೆಸರಿನ ಹಾಗಿತ್ತು. ಅಳು ಬರಲಿಲ್ಲ. ಉಗುರಿನ ಸಂದಿಯಲ್ಲಿ ಇನ್ನೂ ರಾಣಿಯ ಸುಣ್ಣವಿದೆ, ತೊಳೆಯಲು ಏಳಬೇಕು.