ಹಗ್ಗದ ಇನ್ನೊಂದು ತುದಿ

ಶನಿವಾರ, ಜೂನ್ ೧೪

ಪ್ರಿಯ ಡಾಕ್ಟರ್,

ನಿನ್ನ ಎರಡು ಪತ್ರಗಳಿಗೂ ಉತ್ತರಿಸದೆ ತಡಮಾಡಿದ್ದಕ್ಕೆ ಕ್ಷಮೆಯಿರಲಿ. ನಾಳೆ ಮೈದಾನದಲ್ಲಿ ಓಟದ ಬಳಗ ಸೇರಿದಾಗ ಇದನ್ನು ಎಲ್ಲರಿಗೂ ಓದಿ ಹೇಳು. ಸಹಿಯ ಕೆಳಗಿರುವುದು ನಿನಗೆ ಮಾತ್ರ.

ಹೋದ ಭಾನುವಾರ ನನ್ನ ಮಗನಿಗಾಗಿ ನೆರೆದವರೆಲ್ಲರಿಗೂ ನಾನು ಕೃತಜ್ಞ. ಬಿಸಿಲಿನಲ್ಲಿ ನಿಂತಿರಿ, ಮೌನ ಆಚರಿಸಿದಿರಿ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಮ್ಮ ಅನುಕಂಪವನ್ನು ನಾನು ಸ್ವೀಕರಿಸಲಾರೆ.

ತರಬೇತುದಾರರು ನನ್ನ ಕೈ ಹಿಡಿದು ಹೇಳಿದರು: "ಕಣ್ಣಿಲ್ಲದೋರ ಜೊತೆ ಹಗ್ಗ ಹಿಡಿದು ಓಡೋರು ಓಟದ ಕೊನೇ ಗೆರೆ ಅವರಿಗಿಂತ ಮೊದಲು ದಾಟಬಾರದು ಅಂತ ನಿಯಮ ಇದೆಯಲ್ಲ ಸಾರ್. ನಿಮ್ಮ ಹುಡುಗ ನಿಯಮದ ಪ್ರಕಾರಾನೇ ಮುಂದೆ ಹೋದ ಅಂದ್ಕೊಳ್ಳಿ." ಅವರ ಒಳ್ಳೆಯ ಮನಸ್ಸನ್ನು ನಾನು ಸಂಶಯಿಸುವುದಿಲ್ಲ, ವಾದವನ್ನು ಒಪ್ಪುವುದಿಲ್ಲ. ಆ ನಿಯಮ ಪಕ್ಕದಲ್ಲಿ ಓಡುತ್ತಿದ್ದವನಿಗೆ ಅನ್ವಯಿಸುತ್ತದೆ. ನಾನು ಮನೆಯಲ್ಲಿ, ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುಳಿತಿದ್ದೆ.

ಇನ್ನು ಬ್ಯಾಂಕಿನ ಗುಮಾಸ್ತರ ವಿಷಯ. ನನ್ನ ಬದಲಿಗೆ ಹಗ್ಗ ಹಿಡಿದವರು ಅವರು. ಅವರಿಗೆ ಎಡಗೈ ರೂಢಿ. ಹಗ್ಗವನ್ನು ಎಡಗೈಗೆ ಸುತ್ತಿಕೊಂಡರು, ಆದ್ದರಿಂದ ರಸ್ತೆಯ ಬಲ ಅಂಚಿನಲ್ಲಿ ಓಡುವಾಗ ಮಗ ವಾಹನಗಳ ಬದಿಗೆ ಬಂದ. ನಾನು ಓಡುವಾಗ ಆ ಬದಿಯಲ್ಲಿ ಯಾವಾಗಲೂ ನಾನೇ ಇರುತ್ತಿದ್ದೆ. ತಿರುವಿನಲ್ಲಿ ಕಾರು ಬಂತು. ಇದರಲ್ಲಿ ಅವರ ತಪ್ಪು ಎಲ್ಲಿದೆ ಎಂದು ಹುಡುಕುವವರು, ಬೆಳಗಿನ ನಿದ್ದೆ ಬಿಟ್ಟು ಪರರ ಮಗನಿಗೆ ಕಣ್ಣಾಗಲು ತಾವೇಕೆ ಮುಂದೆ ಬರಲಿಲ್ಲವೆಂದು ಮೊದಲು ಹೇಳಲಿ. ಅವರ ಕೈಗೆ ಇನ್ನೂ ಪಟ್ಟಿ ಇದೆ. ನಿಮ್ಮಲ್ಲಿ ಒಬ್ಬರೂ ನೋಡಲು ಹೋಗಿಲ್ಲವಂತೆ. ನಾನು ಹೋಗಿದ್ದೆ.

ಮಗನ ಗೌರವಾರ್ಥ ಹಗ್ಗದ ಓಟವನ್ನೇ ನಿಲ್ಲಿಸುವುದಾಗಿ ನಿರ್ಣಯ ಮಾಡಿದ್ದೀರಿ. ಅದು ಗೌರವವಲ್ಲ, ಅಂಜಿಕೆ. ಸಂಗೀತದ ಟೀಚರು ಅವನಂತೆಯೇ ಕಣ್ಣಿಲ್ಲದವರು, ನಲವತ್ತು ದಾಟಿದವರು, ಸೊಂಟದ ನೋವಿದ್ದೂ ಓಟ ಬಿಡದವರು. ನಿನ್ನೆ ಫೋನಿನಲ್ಲಿ ಕೇಳಿದರು: "ಹಾಗಾದ್ರೆ ನಾನಿನ್ನು ವರಾಂಡದಲ್ಲಿ ಗೋಡೆ ಸವರಿಕೊಂಡು ಓಡ್ಲಾ? ಕೂತ್ರೆ ಈ ಸೊಂಟ ಮರಗಟ್ಟುತ್ತೆ." ನಿರ್ಣಯವನ್ನು ಹಿಂತೆಗೆದುಕೊಳ್ಳಿ. ಹಗ್ಗ ಯಾರು ಹಿಡಿಯುತ್ತಾರೆ ಎಂಬ ಚಿಂತೆ ನಿಮಗೆ ಬೇಡ.

ನಿನ್ನ ಮಗಳ ಪರೀಕ್ಷೆ ಮುಗಿಯಿತೆ? ಅವಳಿಗೆ ನನ್ನ ಆಶೀರ್ವಾದ. ಎಲ್ಲರಿಗೂ ಒಳ್ಳೆಯದಾಗಲಿ.

ಇಂತು,
ಕಾಲೇಜಿನ ವೇದಿಕೆಯಲ್ಲಿ ನಿನ್ನ ಎದುರು ನಿಲ್ಲುತ್ತಿದ್ದವನು

ನಿನಗೆ ಮಾತ್ರ: ಮಂಡಿ ಹೇಗಿದೆ ಎಂದು ಎರಡು ಪತ್ರಗಳಲ್ಲೂ ಕೇಳಿದ್ದೀಯೆ.

ಅಂದು ನಿನ್ನ ಕೋಣೆಯಲ್ಲಿ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೀನು ಹೇಳಿದ್ದೆ: "ಐವತ್ತೆರಡಾಯ್ತು ಮಾರಾಯ. ಈ ಮಂಡಿ ಇನ್ನೂ ಇಪ್ಪತ್ತು ವರ್ಷ ಓಡ್ಬೇಕು ಅಂದ್ರೆ ಆರು ವಾರ ಸುಮ್ನೆ ಕೂತ್ಕೋ. ವಾದ ಮಾಡ್ಬೇಡ." ನಾನು ಬಾಯಿ ತೆರೆಯುವ ಮೊದಲೇ ಮಗ ನಕ್ಕ: "ರಜೆ ಕೊಡಿ ಅಪ್ಪ ಅದಕ್ಕೆ. ಗುಮಾಸ್ತರು ಓಡ್ತಾ ನಿಮ್ಮಷ್ಟು ಭಾಷಣ ಮಾಡಲ್ಲ."

ಮಂಡಿ ವಾಸಿಯಾಗಿದೆ. ಅವನ ಚಟ್ಟವನ್ನು ಹೆಗಲ ಮೇಲೆ ಹೊತ್ತು ನಡೆದ ದಿನವೇ ನನಗದು ತಿಳಿಯಿತು. ಅಷ್ಟು ದೂರದಲ್ಲಿ ಅದು ಒಮ್ಮೆಯೂ ಚುಚ್ಚಲಿಲ್ಲ. ನಿನ್ನ ಸಲಹೆಯಲ್ಲಿ ಒಂದು ತಪ್ಪಾದರೂ ಸಿಕ್ಕೀತೆಂದು ಹುಡುಕಿದೆ. ಸಿಕ್ಕಿದ್ದರೆ ನಿನ್ನನ್ನು ದ್ವೇಷಿಸಬಹುದಿತ್ತು. ಸಿಗಲಿಲ್ಲ. ನನ್ನೆದುರು ನೀನು ಗೆದ್ದ ವಾದ ಇದೊಂದೇ.

ಹೀಗೆ ಉಳಿದುಬಂದ ಮಂಡಿಯನ್ನು ಜೋಪಾನ ಮಾಡುವ ಇಚ್ಛೆ ನನಗಿಲ್ಲ. ಸೋಮವಾರದಿಂದ ಟೀಚರ ಹಗ್ಗ ಹಿಡಿದು ವಾಹನಗಳ ಬದಿಯಲ್ಲಿ ನಾನು ಓಡುತ್ತೇನೆ. ಯಾರನ್ನೂ ಕೇಳಿಲ್ಲ, ನನ್ನ ಹೆಂಡತಿಗೂ ತಿಳಿಸಿಲ್ಲ. ಮತ್ತೆ ನೋವು ಬಂದರೆ ನಿನ್ನ ಬಳಿ ಬರುವುದಿಲ್ಲ.