ಇಬ್ಬರಿಗೆ ಒಂದೇ ಗನ್ನು

ಪ್ರೀತಿಯ ಅಪ್ಪಾ,

ಮಂಡಿನೋವು, ಇನ್ನು ನನ್ನ ಕೈಲಾಗದು ಎಂದು ನೀನು ಕಳಿಸಿಕೊಟ್ಟ ಈಟಿಗನ್ನು ತಲುಪಿತು. ನೀರೊಳಗೆ ಮೀನಿನತ್ತ ಈಟಿ ಚಿಮ್ಮಿಸುವ ಅದರ ರಬ್ಬರು ಬಿರುಕು ಬಿಟ್ಟಿತ್ತು, ಹೊಸದು ಹಾಕಿಸಿದೆ.

ಭಾನುವಾರ ಆಳಸಮುದ್ರಕ್ಕೆ ಮೀನುಬೇಟೆಗೆ ಹೊರಡಬೇಕು. ಹಗ್ಗ, ಚಾಕು ಎಲ್ಲ ಚೀಲ ಸೇರಿವೆ. ನನ್ನ ಗನ್ನನ್ನು ಮಾತ್ರ ಮನೆಯಲ್ಲೇ ಬಿಡುತ್ತಿದ್ದೇನೆ. "ಒಬ್ರು ಮುಳುಗಿದ್ರೆ ಇನ್ನೊಬ್ರು ಮೇಲಿಂದ ಕಣ್ಣಿಟ್ಟಿರಬೇಕು, ಇಬ್ಬರಿಗೆ ಒಂದೇ ಗನ್ನು ಸಾಕು" ಅಂತ ಕಲಿಸಿದವನು ನೀನೇ.

ನಿನ್ನ ಮಂಡಿಯ ವಿಷಯ ದೋಣಿಯವರ ಕಿವಿಗೂ ಹಾಕಿದೆ. "ನೀರೊಳಗೆ ಯಾವ ಮೆಟ್ಟಿಲು ಹತ್ತಬೇಕಮ್ಮಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾಸ್ಕ್ ಎರಡಿವೆ. ಮೀಸೆಯ ಸಂದಿಯಿಂದ ಮಾಸ್ಕಿನೊಳಗೆ ನೀರು ನುಗ್ಗದಂತೆ ಹಚ್ಚಿಕೊಳ್ಳಲು ವ್ಯಾಸಲೀನ್ ಡಬ್ಬಿಯನ್ನೂ ಇಟ್ಟಿದ್ದೇನೆ. ನನಗಂತೂ ಇನ್ನೂ ಮೀಸೆ ಬಂದಿಲ್ಲ, ಅಪ್ಪಾ.

ಶನಿವಾರ ಬಸ್ ನಿಲ್ದಾಣದಲ್ಲಿ ಕಾಯುತ್ತಿರುವ,
ನಿನ್ನ ಮಗಳು