ಗೋಡೆಯ ಮೇಲಿನ ಮೋಡ

ಜೂನ್ ೧೧, ಬುಧವಾರ

ಮೇಲಿನ ಮನೆಯ ಪೈಪು ಸೋರಿ ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿ ಮೂಡಿದ ಕಲೆಗೆ ಬಣ್ಣ ಹೊಡೆಯಿರಿ ಎಂದು ಇವರ ತಲೆ ತಿಂದದ್ದು ಒಂದೆರಡು ದಿನವಲ್ಲ. ಊರವರ ಮನೆಗೆಲ್ಲ ಬಣ್ಣ ಹೊಡೆಯುವ ಮನುಷ್ಯನಿಗೆ ಸ್ವಂತ ಗೋಡೆ ಎಂದರೆ ಕಿವಿಯೇ ಕೇಳಿಸದು.

ಇಂದು ಹೊಲಿಗೆ ಅಂಗಡಿಯಿಂದ ಬಂದು ನೋಡಿದರೆ ಗೋಡೆ ತುಂಬ ಆಕಾಶ! ಎಲ್ಲ ಡಬ್ಬಿಗಳ ತಳದಲ್ಲಿ ಉಳಿದ ಬಣ್ಣ. ಬೇಕರಿಯ ಕಿತ್ತಳೆ, ಡಾಕ್ಟರ ಮಗಳ ಕೋಣೆಯ ನೇರಳೆ. ಕೆಳಗೆ ಆಸ್ಪತ್ರೆಯ ಬೂದುಬಣ್ಣದ ಒಂದೇ ಒಂದು ಪಟ್ಟಿ, ಅದೇ ಭೂಮಿಯಂತೆ. ಮರವಿಲ್ಲ, ದಾರಿಯಿಲ್ಲ. ಕಲೆಯನ್ನು ಮಾತ್ರ ಮುಟ್ಟಿಯೇ ಇಲ್ಲ. ಅದರ ಅಂಚಿಗೆಲ್ಲ ಬೆಳಕು ಬಳಿದು, ಅದನ್ನೇ ಗುಡುಗುವ ಮೋಡ ಮಾಡಿಬಿಟ್ಟಿದ್ದಾರೆ.

ಬೈಯಲು ಬಾಯಿ ತೆರೆದೆ, ಬಂದದ್ದು ಬೇರೆ ಮಾತು. "ಇಷ್ಟೆಲ್ಲ ಬರೆದ್ರಿ, ನಮ್ಮನೆ ಎಲ್ರೀ?"

"ಮನೆ ಒಳಗೆ ಕೂತೇ ನೋಡ್ತಿದೀವಲ್ಲೇ, ಅದು ಹೆಂಗೆ ಕಾಣುತ್ತೆ?"

ಮೂಗಿನ ತುದಿಯಲ್ಲಿ ಕಿತ್ತಳೆ ಬಣ್ಣ. ಒರೆಸಿಕೊಳ್ಳಿ ಎನ್ನಲಿಲ್ಲ, ಚೆನ್ನಾಗಿತ್ತು.

ಆಗಲೇ ಬರಬೇಕೇ ಮೇಲಿನ ಮನೆಯಾಕೆ! "ನಾಳೆ ಪೈಪ್ ರಿಪೇರಿಗೆ ಬರ್ತಾರೆ, ನಿಮ್ಮ ಗೋಡೇನೂ ಸ್ವಲ್ಪ ಒಡೀಬೇಕಂತೆ."

ವರ್ಷದಿಂದ ಅವರ ಬಾಗಿಲು ಬಡಿದು ಜಗಳವಾಡಿದವಳು ನಾನೇ. "ಅಷ್ಟೇನೂ ಅರ್ಜೆಂಟಿಲ್ಲ ಬಿಡಿ" ಎಂದೆ. ನನಗೆ ಹುಷಾರಿಲ್ಲವೇನೋ ಎಂಬಂತೆ ಆಕೆ ನೋಡಿದರು.

ಈಗ ಇವರು ಗೊರಕೆ ಹೊಡೆಯುತ್ತಿದ್ದಾರೆ. ಮೂಗಿನ ಮೇಲೆ ಬಣ್ಣ ಹಾಗೇ ಇದೆ. ಮೋಡ ಸಂಜೆಗಿಂತ ಒಂದು ಬೆರಳು ದೊಡ್ಡದಾದ ಹಾಗಿದೆ. ಮೇಲೆ ಯಾರೋ ಸ್ನಾನ ಮಾಡುತ್ತಿರಬೇಕು.

ಮಾಡಲಿ, ಪಾಪ.